ಅವ್ವನ ಬೆನ್ನಿಗೆ ಕ್ಯೂರಿಂಗ್

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಊರೆಲ್ಲ ಡಾಕ್ಟರಾಗುತ್ತದೆ. ಹನಗೋಡಿನ ನಮ್ಮ ಮನೆಯಲ್ಲಿ ಡಾಕ್ಟರಾದವನು ಗಾರೆ ಕೆಲಸದ ನನ್ನ ಸೋದರಮಾವ.

ಅವ್ವನಿಗೆ ಎದೆಯ ಕ್ಯಾನ್ಸರ್. ಅದು ಬೆನ್ನಿಗೂ ಹಬ್ಬಿ ಒಂದು ಮೂಳೆ ಕುಸಿದಿತ್ತು. ಮಗ್ಗುಲು ಬದಲಾಯಿಸಿದರೂ ಜೀವ ಹೋಗುವಂಥ ನೋವು. ಅವಳಿಗಿದ್ದದ್ದು ಒಂದೇ ಆಸೆ: ಎದ್ದು ಕೂತು ತನ್ನ ಕೈಯಾರೆ ಮುದ್ದೆ ಮುರಿದು ಉಣ್ಣಬೇಕು.

೧. ಮರಳು

ಮೈಸೂರಿನ ಡಾಕ್ಟರ್ ವಿವರಿಸಿದರು. ಬೆನ್ನು ಕೊಯ್ಯುವುದಿಲ್ಲ, ಕುಸಿದ ಮೂಳೆಯೊಳಕ್ಕೆ ಸೂಜಿಯಿಂದ ಸಿಮೆಂಟ್ ತುಂಬುತ್ತೇವೆ. ಕ್ಯಾನ್ಸರ್ ಇದರಿಂದ ಹೋಗುವುದಿಲ್ಲ, ನೋವು ಇಳಿಯಬಹುದು, ಅಷ್ಟೇ. ನಾನು ಆ 'ಅಷ್ಟೇ' ಎಂಬಲ್ಲೇ ಸಿಕ್ಕಿಕೊಂಡು ಕೂತಿದ್ದೆ. ಮಾವ ಮಾತ್ರ ಸಿಮೆಂಟ್ ಅಂದದ್ದೇ ತಡ, ಕುರ್ಚಿ ಮುಂದಕ್ಕೆಳೆದುಕೊಂಡ.

"ಮರಳು ಎಷ್ಟು ಬೆರೆಸ್ತೀರಿ ಸಾ?"

ಮರಳಿಲ್ಲ, ಇದು ಮೂಳೆಗೆಂದೇ ಮಾಡಿದ ಬೇರೆ ಸಿಮೆಂಟು ಅಂದರು ಡಾಕ್ಟರ್. ಕಂಬಿಯಾದರೂ ಕಟ್ಟುತ್ತೀರಾ ಅಂತ ಕೇಳಿದ. ಬೇಡ ಅಂದರು. ಹೊರಗೆ ಬಂದ ಮೇಲೆ ಮಾವ ನನ್ನ ಕಡೆ ತಿರುಗಿ ತಲೆ ಕೊಡವಿದ.

"ಮರಳಿಲ್ಲ, ಕಂಬಿ ಇಲ್ಲ. ನಾನು ಇಂಗೆ ಕಟ್ಟಿದ್ರೆ ಮನೆ ಯಜಮಾನ ಅಟ್ಟಾಡಿಸ್ಕಂಡು ಒಡೀತಾನೆ ಕಣವ್ವ."

೨. ಹೊಲಿಗೆ

ಸಿಮೆಂಟ್ ತುಂಬಿಸಿಕೊಂಡು ಮನೆಗೆ ಬಂದೆವು. ಅಪ್ಪನ ತಂಗಿ, ಸರಗೂರಿನ ಅತ್ತೆ, ಒಂದು ಚೀಲ ಎಳನೀರು ಹೊತ್ತು ನೋಡಲು ಬಂದಳು. ಬೆನ್ನು ತೋರಿಸು ಅಂದಳು. ಅಲ್ಲಿದ್ದದ್ದು ಉಗುರಿನಗಲದ ಒಂದು ಪಟ್ಟಿ. ಹೊಲಿಗೆ ಎಲ್ಲಿ ಅಂದಳು. ಹೊಲಿಗೆಯೇ ಇಲ್ಲ ಅಂದೆ. ಅತ್ತೆಗೆ ಮೋಸವಾದಂತಾಯಿತು. ಇಷ್ಟಕ್ಕೆ ನಾನು ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಬಿಸಿಲಲ್ಲಿ ನಿಂತು ಬಸ್ಸು ಬದಲಾಯಿಸಿ ಬರಬೇಕಿತ್ತಾ ಅಂತ ನನ್ನನ್ನೇ ಕೇಳಿದಳು.

ಹೋಗುವಾಗ ಅರ್ಧ ಎಳನೀರು ವಾಪಸ್ ಒಯ್ದಳು.

೩. ನೀರು

ಡಾಕ್ಟರ್ ಅವತ್ತೇ ಎದ್ದು ಕೂರಬಹುದು ಅಂದಿದ್ದರು. ಮಾವ ಬಿಡಬೇಕಲ್ಲ. ತಾರಸಿಗೆ ಮೋಲ್ಡ್ ಹಾಕಿದ ಮಾರನೇ ದಿನವೇ ಯಾರಾದರೂ ಕೆಳಗಿನ ಸೆಂಟ್ರಿಂಗ್ ಹಲಗೆ ಬಿಚ್ಚುತ್ತಾರಾ ಅಂತ ಗದರಿ, ಮಂಚದ ಪಕ್ಕ ಕಾವಲು ಕೂತ. ಅವನ ಮಾತಿಗೆ ಹೆದರಿ ಅವ್ವನೂ ಅಲ್ಲಾಡದೆ ಮಲಗಿದ್ದಳು. ನನಗೆ ರೇಗಿಹೋಯಿತು. ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅದು ಆಗಲೇ ಗಟ್ಟಿಯಾಗಿದೆ, ಧೈರ್ಯವಾಗಿ ಕೂರಿಸಿ ಅಂದರು. ಗಟ್ಟಿಯಾಗುವುದು ಬೇರೆ, ದಿನಾ ನೀರುಣಿಸಿ ಕ್ಯೂರಿಂಗ್ ಮಾಡುವುದು ಬೇರೆ ಅಂದ ಮಾವ. ಇವನ ಹತ್ತಿರ ತಲೆ ಚಚ್ಚಿಕೊಳ್ಳುವುದಕ್ಕಿಂತ ಅಡುಗೆ ಮಾಡುವುದೇ ಮೇಲು ಅಂತ ಎದ್ದು ಹೋದೆ.

ಮುದ್ದೆ ತಿರುವುತ್ತಿದ್ದಾಗ ಅವ್ವ ಕಿರುಚಿದಳು. ಓಡಿಹೋದರೆ, ಮಗ್ಗುಲಾಗಿ ಮಲಗಿದ್ದ ಅವಳ ಬೆನ್ನಿನ ಮೇಲೆ ನೀರಲ್ಲಿ ಅದ್ದಿದ ಗೋಣಿಚೀಲ. ಮಾವನ ಕೈಯಲ್ಲಿ ಇನ್ನೂ ಒಂದು ಚೊಂಬು ನೀರು.

"ಲೇ, ನಾನೇನು ನಿನ್ ಮೋಲ್ಡೇನ್ಲಾ?"

ಅವ್ವ ಚೀಲ ಕಿತ್ತು ಅವನ ಮುಖಕ್ಕೆ ಎಸೆದಳು. ಎಸೆಯುವ ಭರದಲ್ಲಿ ಎದ್ದು ಕೂತಿದ್ದಳು. ಅದು ಅವಳಿಗೇ ತಡವಾಗಿ ಗೊತ್ತಾಯಿತು. ಮೆಲ್ಲಗೆ ಬೆನ್ನು ಮುಟ್ಟಿ ನೋಡಿಕೊಂಡಳು. ಅವಳು ಹಾಗೆ ಕೂತದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತು.  ಮುದ್ದೆ ತತ್ತಾ ಅಂದಳು ಅವ್ವ.

ಮಾವ ಮುಖದ ನೀರು ಒರೆಸಿಕೊಂಡು, ಗೆದ್ದವನ ಗತ್ತಿನಲ್ಲಿ ನನ್ನ ಕಡೆ ತಿರುಗಿದ.

"ಈಗ್ಲಾದ್ರೂ ನಿನ್ ಡಾಕ್ಟ್ರುಗೆ ಯೋಳವ್ವ. ನೀರು ಬಿದ್ದಿದ್ದಕ್ಕೇ ಗಟ್ಟಿಯಾಯ್ತು ಅಂತ."