ಒಗೆಯುವ ಕೋಣೆಯ ಚೀಟಿಗಳು ಮತ್ತು ನನ್ನ ಗಂಡನ ವೀಸಾ

ವಿದೇಶಿ ಸಂಗಾತಿಗಳ ಅರ್ಜಿ ನೋಡುವ ಡೆನ್ಮಾರ್ಕಿನ ಮಾನ್ಯ ಅಧಿಕಾರಿಗಳೇ,

ಸಮುದ್ರದ ಈ ದಡದ ಸ್ವೀಡನ್ನಿನಿಂದ, ಆ ದಡದಲ್ಲಿ ಕುಳಿತಿರುವ ತಮಗೆ ಅರವತ್ತೊಂದು ವರ್ಷದ ನಿವೃತ್ತ ದಾದಿಯೊಬ್ಬಳ ಗೌರವಪೂರ್ವಕ ವಂದನೆಗಳು. ನನ್ನ ಗಂಡ ಹ್ರಾಂತ್ ಕೂಡ ತಮ್ಮ ಯೋಗಕ್ಷೇಮ ವಿಚಾರಿಸಿದ್ದಾನೆ. ಅವನು ಆರ್ಮೇನಿಯದವನು, ತೊಂದರೆ ಕೊಟ್ಟವರ ಆರೋಗ್ಯವನ್ನೂ ವಿಚಾರಿಸುವ ಜನ ಅವರು.

ಮೊದಲಿಗೆ ತಮ್ಮ ಕಾನೂನಿನ ಸೊಗಸನ್ನು ಹೊಗಳಲು ಅಪ್ಪಣೆಯಾಗಲಿ. ತಮ್ಮ ದಡದಲ್ಲಿರುವ ನನ್ನೂರು ಹೆಲ್ಸಿಂಗೋರಿನಲ್ಲಿ ಪಕ್ಕದ ಮನೆಯ ಇವಾಯ್ಲೋ ಬಲ್ಗೇರಿಯದಿಂದ ಬಂದು ಟೈಲ್ಸ್ ಹಾಕುವವನು. ಬೇರೆ ದೇಶದಿಂದ ಬಂದ ಯುರೋಪಿನ ಪ್ರಜೆಗೆ ಯುರೋಪ್ ಒಕ್ಕೂಟದ ಸಡಿಲ ಕಾನೂನು ಅನ್ವಯಿಸುವುದರಿಂದ ಅವನ ಬ್ರೆಜಿಲ್ ಹೆಂಡತಿ ಕೆಲವೇ ವಾರಗಳಲ್ಲಿ ಬಂದು ಸಂಸಾರ ಹೂಡಿದಳು. ನಾನೋ ಅದೇ ಬೀದಿಯಲ್ಲಿ ಹುಟ್ಟಿದವಳು, ಆದ್ದರಿಂದ ಅಲ್ಲಿ ನಾನು ಬರೀ ಡೆನ್ಮಾರ್ಕಿನವಳು, ನನಗೆ ತಮ್ಮ ದೇಶದ ಬಿಗಿ ಕಾನೂನೇ ಗತಿ. ಯುರೋಪಿನವಳಾಗಬೇಕಾದರೆ ಗಂಡನನ್ನು ಕರೆದುಕೊಂಡು ಬೇರೆ ದೇಶಕ್ಕೆ ಹೋಗಿ, ಅಲ್ಲಿ ನಿಜವಾಗಿ ಬಾಳಿ, ಆಮೇಲೆ ಸ್ವಂತ ಮನೆಗೆ ಮರಳಬೇಕು. ಹೋದೆವು. ಹಡಗಿನಲ್ಲಿ ಇಪ್ಪತ್ತು ನಿಮಿಷ. ಪ್ರತಿ ಸಂಜೆ ಹ್ರಾಂತ್ ಬಾಲ್ಕನಿಯಲ್ಲಿ ದುರ್ಬೀನು ಹಿಡಿದು, "ಬಾರೇ ಬೋಡಿಲ್, ನಿನ್ನ ಮನೆ ಇನ್ನೂ ಅಲ್ಲೇ ಇದೆ, ಯಾರೂ ಹೊತ್ಕೊಂಡ್ ಹೋಗಿಲ್ಲ" ಎಂದು ವರದಿ ಒಪ್ಪಿಸುತ್ತಾನೆ. ಆ ಮನೆಗೆ ಅವನು ಅತಿಥಿಯಾಗಿ ಹೋಗಿ ಬರಬಹುದು, ಮನೆಯವನಾಗಿ ಇರುವಂತಿಲ್ಲ. ಅವನು ನಗುತ್ತಾನೆ, ನಾನು ದುರ್ಬೀನು ಕಸಿದುಕೊಳ್ಳುತ್ತೇನೆ.

ಹದಿನಾಲ್ಕು ತಿಂಗಳಾದ ಮೇಲೆ ತಾವು ದಯಮಾಡಿ ಬರೆದಿದ್ದೀರಿ: ನಾವು ಸ್ವೀಡನ್ನಿನಲ್ಲಿ ನಿಜವಾಗಿ ಬಾಳಿದ್ದಕ್ಕೆ ಪುರಾವೆ ಸಾಲದು, ಅರ್ಜಿದಾರಳು ವಾರಕ್ಕೆರಡು ಸಲ ಡೆನ್ಮಾರ್ಕಿಗೆ ಬಂದು ಹೋಗಿದ್ದಾಳೆ. ಒಪ್ಪಿದೆ. ಸ್ವೀಡನ್ನಿನ ರೊಟ್ಟಿ ಸಿಹಿ, ಮಾನ್ಯರೇ! ಅದರ ಮೇಲೆ ಉಪ್ಪಿನ ಮೀನಿಟ್ಟು ತಿನ್ನುವುದು ನನ್ನಿಂದಾಗಲಿಲ್ಲ, ನಮ್ಮ ಕಪ್ಪು ರೊಟ್ಟಿ ತರಲು ಬಂದೆ. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಮದುವೆಯ ಫೋಟೊ ಯಾವುದೂ ತಮಗೆ ಹಿಡಿಸದಿದ್ದುದರಿಂದ, ಇಲ್ಲಿ ನಿಜವಾಗಿ ಬಾಳಿದವರಿಗೆ ಮಾತ್ರ ದಕ್ಕುವ ದಾಖಲೆಯನ್ನು ಲಗತ್ತಿಸಿದ್ದೇನೆ. ನಮ್ಮ ಕಟ್ಟಡಕ್ಕೆಲ್ಲ ನೆಲಮಾಳಿಗೆಯಲ್ಲಿ ಒಂದೇ ಒಗೆಯುವ ಕೋಣೆ, ಮನೆಗೊಂದು ಸರದಿ. ಆ ಕೋಣೆಯ ಬಾಗಿಲಿಗೆ ಮೂರನೇ ಮಹಡಿಯ ಗುನ್ವೋರ್ ಎಂಬ ಮಹಿಳೆ ನಮಗಾಗಿ ಅಂಟಿಸಿದ ಹನ್ನೊಂದು ಚೀಟಿಗಳಿವು.

ಮೊದಲನೆಯದು: "ಸರದಿ ಅಂದ್ರೆ ಸರದಿ. ನಿಮ್ಮದು ಹತ್ತಕ್ಕೆ ಮುಗೀತು, ಈಗ ಹತ್ತು ಗಂಟೆ ಮೂರು ನಿಮಿಷ." ನಾಲ್ಕನೆಯದು: "ಒಣಗಿಸೋ ಯಂತ್ರದ ಜಾಲರೀಲಿ ನಿಮ್ಮ ಬಟ್ಟೆ ನಾರು ಹಾಗೇ ಬಿಟ್ಟಿದೀರಿ. ನಾನೇನು ನಿಮ್ಮನೆ ಕೆಲಸದವಳಾ?" ಆರನೆಯದು ಹ್ರಾಂತನಿಗೆ: "ಇದು ಒಗೆಯೋ ಜಾಗ, ಹಾಡೋ ಜಾಗ ಅಲ್ಲ." ಅದಕ್ಕುತ್ತರವಾಗಿ ಅವನು ಅವರ ಬಾಗಿಲಲ್ಲಿ ಏಪ್ರಿಕಾಟ್ ಜಾಮಿನ ಬಾಟಲಿ ಇಟ್ಟು ಬಂದ. ಒಂಬತ್ತನೆಯದು: "ಬಾಟಲಿ ತೊಳ್ದಿಟ್ಟಿದೀನಿ. ಮತ್ತೆ ತುಂಬಿಸೋದಾದ್ರೆ ನನ್ನ ಅಭ್ಯಂತರ ಇಲ್ಲ." ಹನ್ನೊಂದನೆಯದು: "ಹಾಡೋದಾದ್ರೆ ಬಾಗಿಲು ತೆಗೆದಿಟ್ಟು ಹಾಡಿ. ಮೇಲಕ್ಕೆ ಸರಿಯಾಗಿ ಕೇಳಲ್ಲ."

ಇದೂ ಸಾಲದೆಂದು ತಮಗೆ ತೋರಿದರೆ, ದಯವಿಟ್ಟು ನನ್ನನ್ನು ಮೂರು ತಿಂಗಳ ಮಟ್ಟಿಗೆ ಬಲ್ಗೇರಿಯದವಳನ್ನಾಗಿ ಮಾಡಿಕೊಡಿ. ಅದಕ್ಕೆ ನಮೂನೆ ಇಲ್ಲದಿದ್ದರೆ ನಡುವಿನ ಸಮುದ್ರವನ್ನು ನನ್ನ ಮನೆಯ ಹಿತ್ತಲಿನಾಚೆಗೆ ಸರಿಸಿಕೊಡಿ. ಮನೆ ಸ್ವೀಡನ್ನಿಗೆ ಸೇರಲಿ, ನನ್ನ ಗಂಡ ಅದರೊಳಗೆ ಸೇರಲಿ. ರೊಟ್ಟಿಯಂಗಡಿ ಮಾತ್ರ ತಮ್ಮ ಕಡೆಯೇ ಇರಲಿ.

ತಮ್ಮ ಮುದ್ರೆಯ ದಾರಿಯನ್ನು ದುರ್ಬೀನಿನಲ್ಲಿ ನೋಡುತ್ತಿರುವ,

ತಮ್ಮ ವಿಶ್ವಾಸಿ,
ಬೋಡಿಲ್ ಥೋರ್ಸನ್

ವಿ.ಸೂ.: ನಾವು ಊರಿಗೆ ಮರಳಲು ಅರ್ಜಿ ಹಾಕಿರುವ ಸುದ್ದಿ ಗುನ್ವೋರ್ ಅವರ ಕಿವಿಗೆ ಬಿದ್ದಿದೆ. ಇಂದು ಬೆಳಿಗ್ಗೆ ಹನ್ನೆರಡನೆಯ ಚೀಟಿ ಬಂತು: "ನೀವು ಹೋದ್ಮೇಲೂ ಶನಿವಾರದ ಸರದಿ ನಿಮ್ಮ ಹೆಸರಲ್ಲೇ ಇಟ್ಟಿರ್ತೀನಿ. ಬಟ್ಟೆ ತಗೊಂಡು ಬನ್ನಿ." ಓದಿ ಅತ್ತುಬಿಟ್ಟೆ. ಅದನ್ನು ಲಗತ್ತಿಸಿಲ್ಲ, ಅದು ನನಗೇ ಬೇಕು. ಆದರೆ ಅರವತ್ತೊಂದು ವರ್ಷದಿಂದ ನನ್ನನ್ನು ಬಲ್ಲ ದೇಶ ಈವರೆಗೆ ಕಳಿಸಿರುವ ನಾಲ್ಕು ಪತ್ರಗಳಲ್ಲಿ ಒಂದರಲ್ಲೂ "ಬನ್ನಿ" ಎಂಬ ಮಾತು ಇಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತಂದಿದ್ದೇನೆ.