ಗಂಗೂಬಾಯಿಯವರ ಖೋಲಿಯಲ್ಲಿ ಕೂಡಲೊಲ್ಲದ ಟಗರಿಗೆ

ನಂದಗಡದ ಹತ್ತಿರದ ನಮ್ಮ ಹಟ್ಟಿಯಲ್ಲಿ ವಾಸಿಸುವ, ಸಿದರಾಯನವರ ಹಿಂಡಿಗೆ ಮುಂದಾಳಾದ, ಸುರುಳಿ ಕೋಡಿನ, ಹಿತ್ತಾಳೆ ಗಂಟೆಯ ಶ್ರೀಮಾನ್ ಕೆಂಚರಾಯ ಟಗರಿನವರ ಸನ್ನಿಧಿಗೆ, ಬೆಳಗಾವಿಯ ಬೋರ್ಡಿಂಗಿನಿಂದ ಅದೇ ಸಿದರಾಯನವರ ಮಗ ಮಾಯಪ್ಪ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಇತ್ತ ನಾನು ಸದ್ಯಕ್ಕೆ ಕ್ಷೇಮ. ಅತ್ತ ತಾವು, ತಮ್ಮ ಬೆನ್ನ ಹಿಂದೆ ಕಣ್ಣುಮುಚ್ಚಿ ನಡೆಯುವ ಕುರಿಗಳು, ಮತ್ತು ಆ ಕುರಿಗಳ ಬೆನ್ನ ಹಿಂದೆ ಅಷ್ಟೇ ನಂಬಿಕೆಯಿಂದ ನಡೆಯುವ ನಮ್ಮ ತಂದೆಯವರು ಎಲ್ಲರೂ ಸೌಖ್ಯವೆಂದು ತಿಳಿದಿದ್ದೇನೆ. ತಮಗೆ ಓದು ಬರುವುದಿಲ್ಲವೆಂಬ ಕಾರಣಕ್ಕೆ ಈ ಪತ್ರವನ್ನು ಊರ ಶಾಲೆಯ ಬಂಡೆಪ್ಪ ಮಾಸ್ತರರ ವಿಳಾಸಕ್ಕೆ ಹಾಕಿದ್ದೇನೆ. ಅವರು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಾರೆ, ನಿಂತವರೆಲ್ಲ ಕೇಳುತ್ತಾರೆ. ನಮ್ಮೂರಿಗೆ ಬರುವ ಪತ್ರಗಳೆಲ್ಲ ಹೇಗೂ ಬಹಿರಂಗ ಪತ್ರಗಳೇ ಆದ್ದರಿಂದ, ಇದಕ್ಕೂ ಅದೇ ಹೆಸರು ಕೊಡುವುದರಲ್ಲಿ ತಪ್ಪಿಲ್ಲವೆಂದುಕೊಂಡೆ.

ಮೊದಲು ತಮ್ಮ ಮನೆತನದ ಉಪಕಾರವನ್ನು ಸ್ಮರಿಸುವುದು ನನ್ನ ಧರ್ಮ. ಕೊಯ್ಲಾದ ಹೊಲದಲ್ಲಿ ಹಿಂಡು ತಂಗಿಸುವ ಮುಂಚೆ ಮುಂದಾಳು ಟಗರನ್ನು ಒಳಗೆ ಬಿಡುವುದು, ಅದು ಮಂಡಿಯೂರಿ ಮಲಗಿ ಮೆಲುಕು ಹಾಕಿದರೆ ಅಲ್ಲಿ ಬಲೆ ಕಟ್ಟಿ ಕುರಿಗಳ ದಡ್ಡಿ ಹಾಕುವುದು, ನಿಂತೇ ಇದ್ದರೆ ಮುಂದಿನ ಹೊಲಕ್ಕೆ ಹೋಗುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ನಮ್ಮ ಅಜ್ಜ ಹೆಣ್ಣು ನೋಡಲು ಹೋದಾಗ ತಮ್ಮ ಮುತ್ತಜ್ಜನನ್ನೂ ಜೊತೆಗೆ ಕರೆದೊಯ್ದಿದ್ದನಂತೆ. ಆ ಪುಣ್ಯಾತ್ಮ ಬೀಗರ ಅಂಗಳದಲ್ಲಿ ಕಾಲು ಚಾಚಿ ಮಲಗಿದ್ದರಿಂದಲೇ ಭರಮವ್ವ ನನಗೆ ಅಜ್ಜಿಯಾದಳು. ಅಂದಮೇಲೆ ನಾನು ಈ ಭೂಮಿಗೆ ಬಂದದ್ದೇ ತಮ್ಮ ವಂಶದವರೊಬ್ಬರಿಗೆ ಆ ದಿನ ದಣಿವಾಗಿದ್ದ ಕಾರಣದಿಂದ. ಇಂಥ ಋಣವಿರುವವನು ತಮ್ಮ ಮೇಲೆ ದೂರು ಬರೆಯಬೇಕಾಗಿ ಬಂದದ್ದಕ್ಕೆ ನನ್ನ ಮನಸ್ಸು ಎಷ್ಟು ನೊಂದಿದೆಯೆಂಬುದನ್ನು ತಾವು ಮೆಲುಕು ಹಾಕುತ್ತ ವಿಚಾರ ಮಾಡಬೇಕು.

ನಾನು ಮಾಸ್ತರಿಕೆ ಕಲಿಸುವ ಕಾಲೇಜಿನ ಮೊದಲ ವರ್ಷದಲ್ಲಿದ್ದೇನೆ. ಈ ವರ್ಷದ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಹೆಸರು ಹೊಡೆದುಹಾಕುತ್ತಾರೆ, ನಾನು ಕಂಬಳಿ ಹೊದ್ದು ತಮ್ಮ ಬೆನ್ನ ಹಿಂದೆ ನಡೆಯುವವರಲ್ಲಿ ಒಬ್ಬನಾಗುತ್ತೇನೆ. ಬೋರ್ಡಿಂಗಿನಲ್ಲಿ ಎಲ್ಲರಿಗೂ ಒಂದೇ ಪಡಸಾಲೆ, ಎಲ್ಲರಿಗೂ ಒಂದೇ ಕಂದೀಲು, ಆ ಕಂದೀಲೂ ಊಟದ ನಂತರ ಮೇಲ್ವಿಚಾರಕರಾದ ತ್ರ್ಯಂಬಕ ಮಾಸ್ತರರ ಖೋಲಿಗೆ ನಡೆದುಬಿಡುತ್ತದೆ. ನನ್ನ ಪಕ್ಕದ ಚಾಪೆಯ ನಾಗಲಿಂಗನು ಭೂಗೋಳವನ್ನು ಲಾವಣಿಯ ಮಟ್ಟಿನಲ್ಲಿ ಹಾಡಿ ಕಲಿಯುವವನಾದ್ದರಿಂದ, ನಾನು ಇತಿಹಾಸ ಓದಲು ಕುಳಿತರೂ ಎಲ್ಲ ರಾಜರೂ ನದಿಗಳಾಗಿ ಹರಿದುಹೋಗುತ್ತಾರೆ. ಅವ್ವ ಫಕೀರವ್ವ ಖಾನಾಪುರದ ಸಂತೆಗೆ ಬಂದ ಬೆಳಗಾವಿಯವರ ಕೈಯಲ್ಲಿ ಕಳಿಸುವ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಪಡಸಾಲೆಗೆ ಬಂದ ಕೂಡಲೇ ಸಾರ್ವಜನಿಕ ಸೊತ್ತಾಗುತ್ತದೆ. ಗಂಟು ಕಟ್ಟಿದ ಬಟ್ಟೆ ಮಾತ್ರ ಪ್ರಾಮಾಣಿಕವಾಗಿ ನನಗೆ ಮರಳಿ ಬರುತ್ತದೆ.

ಹೀಗಿರುವಾಗ ಬೆಳಗಾವಿಗೆ ಹೊಂದಿಕೊಂಡ ಶಹಾಪುರದ ಗಂಗೂಬಾಯಿಯವರು ತಮ್ಮ ಮನೆಯ ಬಾಜೂ ಖೋಲಿಯನ್ನು ನನಗೆ ಬಾಡಿಗೆಗೆ ಕೊಡಲು ಒಪ್ಪಿದರು. ಬೀದಿಗೆ ಒಂದು ಬಾಗಿಲು, ಅಂಗಳಕ್ಕೆ ಒಂದು ಕಿಟಕಿ, ಪುಸ್ತಕಕ್ಕೆ ಒಂದು ಗೂಡು, ನನ್ನದೇ ಒಂದು ದೀಪ. ಅಪ್ಪನಿಗೆ ತಿಳಿಸಿದೆ. ಅಪ್ಪ ಬೇಡವೆನ್ನಲಿಲ್ಲ, ಆಗಲಿಯೆಂದೂ ಅನ್ನಲಿಲ್ಲ. ತಮ್ಮನ್ನು ಕರೆದುಕೊಂಡು ಬಂದರು. ಖಾನಾಪುರದ ಸ್ಟೇಶನ್ನಿನಲ್ಲಿ ತಮ್ಮನ್ನು ಸಾಮಾನಿನ ಡಬ್ಬಿಯಲ್ಲಿ ಹಾಕಬೇಕೆಂದು ಹೇಳಿದ್ದರಿಂದ ತಮ್ಮ ಮರ್ಯಾದೆಗೆ ಕುಂದಾದೀತೆಂದು ಇಬ್ಬರೂ ನಡೆದೇ ಬಂದಿರೆಂದು ಕೇಳಿ ನನ್ನ ಕಣ್ಣು ತುಂಬಿತು.

ಆ ದಿನ ಗಂಗೂಬಾಯಿಯವರ ಖೋಲಿಯಲ್ಲಿ ತಾವು ತೋರಿದ ಗಾಂಭೀರ್ಯವನ್ನು ವರ್ಣಿಸಲು ನನ್ನಲ್ಲಿ ಶಬ್ದಗಳಿಲ್ಲ. ತಾವು ಒಳಗೆ ಬಂದಿರಿ, ಗೋಡೆ ಮೂಸಿದಿರಿ, ಗೂಡು ಮೂಸಿದಿರಿ, ನನ್ನನ್ನೂ ಮೂಸಿದಿರಿ, ಆಮೇಲೆ ಕಚೇರಿಯ ಕಂಬದಂತೆ ನಿಂತುಬಿಟ್ಟಿರಿ. ಗಂಗೂಬಾಯಿಯವರು ಪಾಪ, "ಕುಂದರ್ರೆಪ್ಪಾ, ದೂರಿಂದ ಬಂದೀರಿ" ಎಂದು ಕನ್ನಡದಲ್ಲಿ ಉಪಚರಿಸಿದರು. ಖಾನಾಪುರದ ಕಡೆಯವರು, ಮರಾಠಿ ಮಾತಿನವರಿರಬಹುದೆಂದು "ಬಸಾ, ಬಸಾ" ಎಂದು ಮರಾಠಿಯಲ್ಲಿಯೂ ಕೇಳಿಕೊಂಡರು. ತಾವು ಎರಡೂ ಭಾಷೆಗಳನ್ನು ಸಮನಾಗಿ ಕಡೆಗಣಿಸಿದಿರಿ.

"ಇವಗ ಒಪ್ಪಿಗಿ ಇಲ್ಲೋ ಮಾಯಪ್ಪಾ, ನೆಲದಾಗ ಏನೋ ಐತಿ" ಎಂದರು ಅಪ್ಪ.

ಗಂಗೂಬಾಯಿಯವರಿಗೆ ಸಿಟ್ಟು ಬಂತು. "ನೆಲದಾಗ ಏನಿರ್ತದರಿ? ಮುಂಜಾನೆ ನಾನ ಸಾರಿಸೀನಿ. ಹ್ವಾದ ವರ್ಷ ಕಾಂಗ್ರೆಸ್ಸಿಗೆ ಬಂದ ದೊಡ್ಡ ದೊಡ್ಡ ಮಂದಿ ಇದ ಖೋಲ್ಯಾಗ ಮಲಗಿ ಎದ್ದು ಹೋಗ್ಯಾರ. ಅವರಿಗಿಲ್ಲದ್ದು ನಿಮ್ಮ ಟಗರಿಗೇನ ಬಂತ್ರಿ?"

"ಅವರು ಎದ್ದು ಹೋದ್ರಲ್ರೀ ಬಾಯಾರ, ನನ್ನ ಮಗಾ ಇಲ್ಲೇ ಇರಬೇಕಲ್ಲ" ಎಂದು ಅಪ್ಪ ತಮ್ಮನ್ನು ಹೊರಗೆ ಕರೆದುಕೊಂಡು ಹೋದರು. ದೇಶದ ಸ್ವರಾಜ್ಯದ ಚಿಂತೆ ಹೊತ್ತವರಿಗೆ ನಿದ್ದೆ ಬಂದ ನೆಲದಲ್ಲಿ ತಮಗೆ ಮಂಡಿಯೂರಲು ಮನಸ್ಸಾಗಲಿಲ್ಲವೆಂದರೆ ತಮ್ಮ ತಲೆಯೊಳಗಿನ ಚಿಂತೆ ಎಷ್ಟು ದೊಡ್ಡದಿರಬೇಕೆಂದು ನಾನು ಬೆರಗಾದೆ.

ಇಷ್ಟಕ್ಕೇ ಮುಗಿದಿದ್ದರೆ ಹಣೆಬರಹವೆಂದು ನಾಗಲಿಂಗನ ಲಾವಣಿಯನ್ನೇ ಪಾಠ ಮಾಡಿಕೊಳ್ಳುತ್ತಿದ್ದೆ. ಆದರೆ ತಾವು ನನ್ನನ್ನು ಬೋರ್ಡಿಂಗಿನವರೆಗೆ ಕಳಿಸಲು ಬಂದಿರಿ. ಸಂಜೆಯ ಪ್ರಾರ್ಥನೆ ನಡೆದಿತ್ತು. ತ್ರ್ಯಂಬಕ ಮಾಸ್ತರರು ಕಣ್ಣುಮುಚ್ಚಿ ಶ್ಲೋಕ ಹೇಳುತ್ತಿದ್ದರು. ತಾವು ಸಾಲಾಗಿ ಕುಳಿತ ಹುಡುಗರ ನಡುವಿನಿಂದ ತಪಾಸಣೆಗೆ ಬಂದ ಸಾಹೇಬರಂತೆ ನಡೆದುಹೋಗಿ, ಮಾಸ್ತರರ ಜಮಖಾನೆಯ ಮೇಲೆ, ಅವರ ತೊಡೆಗೆ ತೊಡೆ ತಾಗುವಂತೆ, ಮಲಗಿಬಿಟ್ಟಿರಿ. ಮೆಲುಕು ಹಾಕಿದಿರಿ. ಶ್ಲೋಕ ಮುಗಿದ ಮೇಲೂ ಹಾಕಿದಿರಿ.

"ಸಿದರಾಯ, ಇದು ವಿದ್ಯಾರ್ಥಿಗಳ ಬೋರ್ಡಿಂಗ್ ಅದ, ಕುರಿ ದಡ್ಡಿ ಅಲ್ಲ" ಎಂದರು ಮಾಸ್ತರರು, ಕಣ್ಣು ತೆರೆದ ಮೇಲೆ.

"ಅದನ್ನ ನಾನೂ ಅನ್ನೂದ್ರೀ ಸಾಹೇಬ್ರ, ನಮ್ಮ ದಡ್ಡ್ಯಾಗೂ ಅವ ಇಷ್ಟ ಲಗೂ ಮಲಗೂದಿಲ್ಲ" ಎಂದು ಅಪ್ಪ ಕೈಮುಗಿದರು. ನಾಗಲಿಂಗ ಮೊದಲು ನಕ್ಕ, ಅವನ ಹಿಂದೆ ಪಡಸಾಲೆಯೇ ನಕ್ಕಿತು. ತಾವು ಮಲಗಿದ್ದ ಜಮಖಾನೆಯನ್ನು ಮಾಸ್ತರರು ಎಳೆದುಕೊಳ್ಳಲು ಹೋದಾಗ ತಾವು ಎದ್ದು, ತಲೆ ತಗ್ಗಿಸಿ, ಅವರ ರುಮಾಲನ್ನು ಬಾವಿಯ ಕಟ್ಟೆಯವರೆಗೆ ತಲುಪಿಸಿದಿರಿ. ರುಮಾಲಿನ ಹಿಂದೆ ಅವರೂ ಹೋದರು. ತಿರುಗಿ ಬಂದು ಹೇಳಿದ ಮಾತು ಒಂದೇ, ಶನಿವಾರದೊಳಗೆ ಮಾಯಪ್ಪ ಚಾಪೆ ಸುತ್ತಬೇಕು.

ಅಪ್ಪ ಗಾಬರಿಯಾಗಲಿಲ್ಲ. "ಸಾಹೇಬ್ರು ಸಿಟ್ಟಿನ್ಯಾಗ ಅಂದಾರ. ಟಗರು ಸಿಟ್ಟಿನ್ಯಾಗ ಮಲಗೂದಿಲ್ಲ. ನೀ ಇಲ್ಲೇ ಇರು" ಎಂದು ಹೇಳಿ ತಮ್ಮೊಡನೆ ಹೊರಟುಹೋದರು.

ಹೀಗಾಗಿ ಮಾನ್ಯರೇ, ತಾವು ಮಲಗಿದ ಜಾಗದಿಂದ ನನ್ನನ್ನು ಹೊರಗೆ ಹಾಕುತ್ತಿದ್ದಾರೆ, ತಾವು ಮಲಗದ ಜಾಗಕ್ಕೆ ನನ್ನನ್ನು ಬಿಡುತ್ತಿಲ್ಲ. ಬೆಳಗಾವಿಯಲ್ಲಿ ಇವೆರಡರ ನಡುವೆ ಇರುವುದು ಬರೀ ರಸ್ತೆ. ಅಲ್ಲಿ ದೀಪವಿದೆಯೆಂಬುದು ನಿಜ, ಆದರೆ ಅದರ ಕೆಳಗೆ ನಿಂತು ಓದಿದರೆ ಪೊಲೀಸರು ಹೆಸರು ಕೇಳುತ್ತಾರೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ. ಶನಿವಾರಕ್ಕೆ ಮುಂಚೆ ಇನ್ನೊಮ್ಮೆ ದಯಮಾಡಿಸಿ ಗಂಗೂಬಾಯಿಯವರ ಖೋಲಿಯಲ್ಲಿ ಒಂದು ಬಾಯಿ ಮೆಲುಕು ಹಾಕುವಷ್ಟು ಹೊತ್ತು ಪವಡಿಸಬೇಕು. ಅವರು ತಮ್ಮ ಮೇಲಿನ ಸಿಟ್ಟನ್ನು ಆಗಲೇ ಮರೆತು ಕಡಲೆ ಹೊಟ್ಟು ತರಿಸಿಟ್ಟಿದ್ದಾರೆ. ಅದು ತಮ್ಮ ಘನತೆಗೆ ಒಗ್ಗದಿದ್ದರೆ ನಾವಿಬ್ಬರೂ ಸ್ಥಳ ಬದಲಿಸಿಕೊಳ್ಳೋಣ. ತಾವು ಇಲ್ಲಿಗೆ ಬಂದು ನನ್ನ ಚಾಪೆಯ ಮೇಲಿರಿ, ಪರೀಕ್ಷೆಗೆ ಕುಳಿತುಕೊಳ್ಳಿ. ಬೇಕೆಂದಾಗ ಬೇಕಾದಲ್ಲಿ ಕುಳಿತುಕೊಳ್ಳುವ ವಿದ್ಯೆ ತಮಗೆ ಆಗಲೇ ಕೈವಶವಾಗಿದೆ, ಉಳಿದದ್ದನ್ನು ನಾಗಲಿಂಗ ಹಾಡಿ ಹೇಳಿಕೊಡುತ್ತಾನೆ. ನಾನು ಅಲ್ಲಿ ಗಂಟೆ ಕಟ್ಟಿಕೊಂಡು ಹಿಂಡಿನ ಮುಂದೆ ನಡೆಯುತ್ತೇನೆ. ನಾನು ಕುಳಿತ ಕಡೆ ಅಪ್ಪ ನನ್ನ ಮಾತು ಕೇಳುವುದಾದರೆ ನನಗೆ ಈ ಜನ್ಮದಲ್ಲಿ ಅದಕ್ಕಿಂತ ದೊಡ್ಡ ಹುದ್ದೆ ಬೇಡ.

ಕುಳಿತುಕೊಳ್ಳಲು ಒಂದು ಮೊಳ ನೆಲಕ್ಕಾಗಿ ಕಾದು ನಿಂತಿರುವ,

ತಮ್ಮ ವಿಶ್ವಾಸಿ,
ಮಾಯಪ್ಪ ಸಿದರಾಯ
ಮೊದಲ ವರ್ಷ, ಬೆಳಗಾವಿ

ತಾ.ಕ.: ಬಂಡೆಪ್ಪ ಮಾಸ್ತರರು ಇದನ್ನು ಓದುವಾಗ ನಮ್ಮ ತಂದೆಯವರು ಹತ್ತಿರದಲ್ಲಿದ್ದರೆ ಇನ್ನೂ ಸ್ವಲ್ಪ ಗಟ್ಟಿಯಾಗಿ ಓದಬೇಕು. ಕೆಂಚರಾಯರೇ, ಆ ದಿನ ಖೋಲಿಯಲ್ಲಿ ತಾವು ಮುಂಗಾಲು ಮಡಚಲು ಹೋದದ್ದನ್ನು ನಾನು ಕಂಡೆ. ತಲೆ ಕೆಳಗಿಳಿಯದಂತೆ ಒಬ್ಬರು ತಮ್ಮ ಕೊರಳ ಹಗ್ಗವನ್ನು ಗಿಡ್ಡಾಗಿ ಜಗ್ಗಿ ಹಿಡಿದದ್ದನ್ನೂ ಕಂಡೆ. ಬೋರ್ಡಿಂಗಿಗೆ ಬಂದಾಗ ಅದೇ ಹಗ್ಗವನ್ನು ಅವರು ನೆಲಕ್ಕೆ ಬಿಟ್ಟರು. ನಾನು ಯಾಕೆ ಸುಮ್ಮನಿದ್ದೆನೆಂದರೆ, ಹಗ್ಗ ಜಗ್ಗುತ್ತಿರುವಾಗಲೇ ಅವರು ಗಂಗೂಬಾಯಿಯವರನ್ನು ಮೆಲ್ಲಗೆ ಕೇಳುತ್ತಿದ್ದರು: "ಹುಡುಗ ಒಬ್ಬನ ಇದ್ದಾಗ ಜ್ವರಾ ಬಂದ್ರ ಯಾರಿಗೆ ಗೊತ್ತಾಗತೈತ್ರಿ?" ಅವರಿಗೆ ತಾವೇ ತಿಳಿಸಬೇಕು. ಖೋಲಿಯ ಗೋಡೆಯಾಚೆ ಗಂಗೂಬಾಯಿಯವರ ಒಲೆ ಇದೆ, ನಾನು ಕೆಮ್ಮಿದರೆ ಅವರಿಗೆ ಕೇಳಿಸುತ್ತದೆ, ಕೆಮ್ಮದಿದ್ದರೂ ದಿನಾ ಮುಂಜಾನೆ ಗೋಡೆ ಬಡಿದು ಎಬ್ಬಿಸುತ್ತೇನೆಂದು ಮಾತು ಕೊಟ್ಟಿದ್ದಾರೆ. ಅಷ್ಟು ಕೇಳಿದ ಮೇಲೂ ಹಗ್ಗ ಹಿಡಿದವರಿಗೆ ನಂಬಿಕೆ ಬರದಿದ್ದರೆ ತಮಗೆ ಮತ್ತೆ ನಡೆಯುವ ತೊಂದರೆ ಬೇಡ. ಈ ಸಲ ಅವರೊಬ್ಬರೇ ಬರಿಗೈಯಲ್ಲಿ ಬಂದು, ಆ ನೆಲದ ಮೇಲೆ ಸ್ವತಃ ಒಂದಿಷ್ಟು ಹೊತ್ತು ಕುಳಿತು ನೋಡಲಿ.