ಮಾಮಾ ತಾವೇ ಹಾಕಿಕೊಂಡ ಬೀಗ

ನಮ್ಮ ಸೋದರಮಾವನ ಮನೆಗೆ ಕಳ್ಳರು ಬಂದರೆ, ಪಾಪ, ಅವರಿಗೇ ಬೇಸರವಾದೀತು! ರಾಣೇಬೆನ್ನೂರಿನ ಆ ಮನೆಯಲ್ಲಿ ಬಾಗಿಲಿಗಿರಲಿ, ಟ್ರಂಕಿಗೂ ಬೀಗವಿಲ್ಲ. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮಾಮಾ, ಕೀಲಿ ಇಟ್ಟ ಜಾಗ ನೆನಪಿಡುವಷ್ಟು ಹೊತ್ತು ಈ ಲೋಕದಲ್ಲಿ ಇರುವುದೂ ಇಲ್ಲ ಅನ್ನಿ. ಹಾವೇರಿ ನಿಲ್ದಾಣದಲ್ಲಿ ಬ್ಯಾಡಗಿ ಬಸ್ಸಿಗೆ ಕಾಯುತ್ತ, ಕನಸು ಕಾಣುತ್ತಲೇ ಗುತ್ತಲದ ಬಸ್ಸು ಹತ್ತಿ, ಕಂಡಕ್ಟರಿಗೆ ಮೆಣಸಿನ ಬೀಜದ ಪಾಠ ಮಾಡಿ ಬಂದವರು!

"ಊರು ತಪ್ಪಿತಲ್ಲ ಮಾಮಾ?"

"ತಪ್ಪಲಿ ಬಿಡೋ, ಕಂಡಕ್ಟರ್ ಭಾಳ ಚಲೋ ಕೇಳಿದಾ!"

ಆ ಪಾಠವನ್ನು ಅವರಿಗೆ ಕಲಿಸಿದವಳು ಕಾಗಿನೆಲೆಯ ಒಬ್ಬ ಅಜ್ಜಿ. ನೆರಿಗೆ ತುಂಬಿದ ಕಾಯಿಗಳನ್ನು ಗಿಡದಲ್ಲೇ ಗುರುತು ಮಾಡಿ, ಒಣಗಿಸಿ, ಬೀಜಕ್ಕೆ ಬೂದಿ ಬೆರೆಸಿ ಗಡಿಗೆಯಲ್ಲಿ ಕಾಯ್ದಿಡುತ್ತಾಳೆ. ಮಾಮಾ ಅದನ್ನು ವರ್ಷಗಟ್ಟಲೆ ನೋಡಿ, ಬರೆದು, ದೊಡ್ಡ ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದರು. ಕೊನೆಯ ಕೃತಜ್ಞತೆಯಲ್ಲಿ ಅಜ್ಜಿಯ ಹೆಸರು. "ನಿನ್ನ ಹೆಸರು ತೋರಸ್ತೇನಿ ಯವ್ವಾ" ಎಂದು ಮಾತನ್ನೂ ಕೊಟ್ಟುಬಿಟ್ಟರು.

ಲೇಖನ ಬಂತು. ಇಂಟರ್‌ನೆಟ್ಟಿನಲ್ಲಿ ತೆರೆದರೆ ಬೀಗದ ಚಿತ್ರ! ದುಡ್ಡು ಕಟ್ಟಿದವರಿಗೆ ಮಾತ್ರ ಓದು. ಬರೆದವರಿಗೂ ಇಲ್ಲವೇ? ಇಲ್ಲ! ಲೇಖನ ಒಪ್ಪಿದರೆಂಬ ಖುಷಿಯಲ್ಲಿ, ಹಕ್ಕೆಲ್ಲ ಬಿಟ್ಟುಕೊಡುವ ಕಾಗದಕ್ಕೆ ಓದದೆ ಸಹಿ ಹಾಕಿದ್ದರಂತೆ. ಜೀವಮಾನದಲ್ಲಿ ಹಾಕಿದ್ದು ಒಂದೇ ಬೀಗ, ಅದೂ ತಮ್ಮದೇ ಬರಹಕ್ಕೆ!

"ನಿಮ್ಮ ಕಡೆ ಇರೋ ಪ್ರತೀನ ಅಜ್ಜಿಗೆ ತೋರಿಸಿಬಿಡ್ರಿ ಮಾಮಾ" ಅಂದೆ.

"ಆಕಿ ಕೇಳಿದವರಿಗೆಲ್ಲಾ ಬೀಜ ಕೊಟ್ಟಾಳೋ. ಆಕಿ ಹೆಸರು ನಾಕು ಮಂದಿಗೆ ಕಾಣಲಾರದಂಗ ಇಟ್ಟು, ನಾ ಏನಂತ ತೋರಸ್ಲಿ?"

ಆಮೇಲೆ ಸಹಿ ಹಾಕಿದ ಆ ಕಾಗದವನ್ನು ಭೂತಗನ್ನಡಿ ಹಿಡಿದು ಓದಿದರು. ಒಂದು ವರ್ಷ ಕಳೆದ ಮೇಲೆ, ತಾವು ಬರೆದ ಪ್ರತಿಯನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿಡಬಹುದು ಎಂದು ಮೂಲೆಯಲ್ಲಿತ್ತು. ಅಷ್ಟರಲ್ಲಿ ಅಜ್ಜಿಯ ಕಣ್ಣಿಗೆ ಪೊರೆ ಬರತೊಡಗಿತ್ತು. ಆ ವರ್ಷವಿಡೀ ಮಾಮಾ ಪಡಸಾಲೆಯಲ್ಲಿ ಕೂತು ಕ್ಯಾಲೆಂಡರನ್ನೇ ನೋಡುತ್ತಿದ್ದರು. ಚಹಾ ಆರುತ್ತಿತ್ತು, ಅತ್ತೆ ಬಿಸಿ ಮಾಡುತ್ತಿದ್ದರು, ಮತ್ತೆ ಆರುತ್ತಿತ್ತು.

ಅಂತೂ ಆ ದಿನ ಬಂತು. ಲೇಖನ ತೆರೆದಿಟ್ಟು ಕಾಗಿನೆಲೆಗೆ ಹೊರಟೆವು. ಬಸ್ಸು ತಪ್ಪದಿರಲೆಂದು ಕೈ ಹಿಡಿದುಕೊಂಡು ಹೋದವನು ನಾನೇ. ಅಜ್ಜಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು.

"ಮಂಜ ಮಂಜ ಕಾಣತೈತ್ರಿ ಮಾಸ್ತರ. ನೀವ ಓದ್ರಿ."

ಮಾಮಾ ಹೆಸರನ್ನು ಓದಿದರು. ಇನ್ನೊಮ್ಮೆ ಓದಿದರು. ಅಜ್ಜಿ ಅವರ ಕಡೆ ಮುಖ ತಿರುಗಿಸಿದಳು.

"ಇದನ್ನ ಯಾರರೆ ಓದಬಹುದೇನ್ರಿ?"

"ಯಾರರೆ ಓದಬಹುದು ಯವ್ವಾ. ಯಾವ ದೇಶದವರರೆ."

"ಹಂಗಾರ ಬೂದಿ ಪೂರಾ ಆರಿದ ಮ್ಯಾಲ ಬೆರಸ್ರಿ ಅಂತ ಬರದೀರಿಲ್ಲ? ಗೊತ್ತಿಲ್ಲದವರು ಬಿಸೀದು ಹಾಕ್ಯಾರು. ಪಾಪ, ಅವರ ಬೀಜ ಸಾಯ್ತಾವು."

ಮಾಮಾ ಅದನ್ನು ಬರೆದಿರಲಿಲ್ಲ. ಅವರು ಕಿಸೆಯಿಂದ ಪೆನ್ನು ತೆಗೆದು, ಆಕೆಯ ಕಾಲ ಬಳಿ ನೆಲದ ಮೇಲೆ ಕೂತರು.

"ಹೇಳ ಯವ್ವಾ," ಅಂದರು, "ಬರಕೋತೇನಿ."